ಬಾಯಾರಿದ ದೋಣಿ

ದೆಯೊಲಿಂದಾ ಸುಳ್ಳುಗಾರ್ತಿ. ಇದನ್ನು ಮೆತ್ತಗೆ ಹೇಳುವುದಕ್ಕೂ ದಾರಿಗಳಿವೆ. ಮಾತು ಚಂದ, ಯಾರ ಮನಸ್ಸನ್ನೂ ನೋಯಿಸಲಾರಳು ಎಂದು ಸಾಲ್ವಡಾರ್ ಬಂದರುಪಟ್ಟಣದ ಕೆಳಪೇಟೆಯಲ್ಲಿ ಅವಳನ್ನು ಬಲ್ಲವರು ಹೇಳುವುದುಂಟು. ಆದರೆ ಐವತ್ತೆಂಟು ವರ್ಷದ ಹೆಂಗಸೊಬ್ಬಳು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ತನ್ನ ವಯಸ್ಸನ್ನು, ಮಕ್ಕಳ ಸಂಖ್ಯೆಯನ್ನು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದರೆ ಅದಕ್ಕಿರುವ ಹೆಸರು ಒಂದೇ.

ಅವಳು ಹುಟ್ಟಿದ್ದು ಕೊಲ್ಲಿಯ ಆಚೆ ದಡದ ಕುಂಬಾರರ ಹಳ್ಳಿಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಮಡಕೆಗಳ ನಡುವೆ ಒಣಹುಲ್ಲಿನ ಮೇಲೆ ಕೂತು ಹಾಯಿದೋಣಿಯಲ್ಲಿ ಪಟ್ಟಣಕ್ಕೆ ಬಂದಳು. ಮೇಲ್ಪೇಟೆಯಲ್ಲಿ ಒಬ್ಬ ವಕೀಲರ ಮನೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದಳು. ಅಲ್ಲಿಯೇ ಆ ವಿದ್ಯೆ ಕಲಿತದ್ದು. ಯಜಮಾನಿ ‘ಯಾರು ಒಡೆದದ್ದು?’, ‘ಯಾರು ಬಾಗಿಲು ತೆಗೆದದ್ದು?’ ಎಂದು ಕೇಳಿದಾಗ ಆಕೆಗೆ ಬೇಕಾದದ್ದು ನಿಜವಲ್ಲ, ಪ್ರಶ್ನೆ ಮುಗಿಯುವುದು ಎಂದು ಹುಡುಗಿ ಬೇಗ ಅರ್ಥ ಮಾಡಿಕೊಂಡಳು. ಪ್ರಶ್ನೆಯನ್ನು ಬೇಗ ಮುಗಿಸುವ ಉತ್ತರವೇ ಒಳ್ಳೆಯ ಉತ್ತರ. ಬೆಕ್ಕು ಒಡೆಯಿತು, ಗಾಳಿ ತೆಗೆಯಿತು. ಆಮೇಲೆ ಮದುವೆಯಾಯಿತು. ಗಂಡ ಕ್ಲೆಮೆಂಟೆ ಟೈರು ಅಂಗಡಿಯ ವಿಧವೆಯೊಬ್ಬಳ ಹಿಂದೆ ಒಳನಾಡಿಗೆ ಹೋದವನು ತಿರುಗಿ ಬರಲಿಲ್ಲ. ಅವನು ದಕ್ಷಿಣದಲ್ಲಿ ಸಮುದ್ರದ ನಡುವೆ ಎಣ್ಣೆ ಬಾವಿಯ ಕೆಲಸದಲ್ಲಿದ್ದಾನೆ ಎಂದು ದೆಯೊಲಿಂದಾ ಹನ್ನೊಂದು ವರ್ಷ ಹೇಳಿಕೊಂಡು ಬಂದಳು. ವರ್ಷಕ್ಕೊಮ್ಮೆ ತನಗೆ ತಾನೇ ಒಂದು ಸೀಸೆ ಅತ್ತರು ಕೊಂಡು, ಅವನು ಕಳಿಸಿದ್ದೆಂದು ಬೀದಿಯವರಿಗೆಲ್ಲ ಮೂಸಿಸುತ್ತಿದ್ದಳು. ಬೀದಿಯವರಿಗೆ ಎಲ್ಲವೂ ಗೊತ್ತಿತ್ತು. ಮೂಸಿ, ಚೆನ್ನಾಗಿದೆ ಎನ್ನುತ್ತಿದ್ದರು.

ಅವಳ ಈ ಮಾತುಗಳಿಗೆ ಸೊಪ್ಪು ಹಾಕದವನು ಗಂಡನ ಅಣ್ಣ, ದೋಣಿ ನಡೆಸುವ ಮೇಸ್ತ್ರಿ ಅನೀಸಿಯೊ ಒಬ್ಬನೇ. ಕ್ಲೆಮೆಂಟೆ ಹೋದ ಮೂರನೆಯ ದಿನ ಅವಳ ಬಾಗಿಲಿಗೆ ಬಂದು, ಟೋಪಿಯನ್ನೂ ತೆಗೆಯದೆ, “ಅವನು ಬರಲ್ಲ. ನಾಳೆಯಿಂದ ದೋಣಿಗೆ ಬಾ, ಅಡುಗೆ ನಿಂದು,” ಎಂದಿದ್ದ. ಅಷ್ಟೇ. ಅವನ ದೋಣಿ ‘ದಿವೀನಾ’, ಒಂದೇ ದೊಡ್ಡ ಹಾಯಿಯ ಹಳೆಯ ಸರಕುದೋಣಿ. ಹಿಂದೆ ಇಟ್ಟಿಗೆ, ಮಡಕೆ, ಮರಗೆಣಸಿನ ಹಿಟ್ಟು ಹೊರುತ್ತಿದ್ದದ್ದು, ರಸ್ತೆಗಳಾದ ಮೇಲೆ ಸಂಜೆ ಹೊತ್ತಿಗೆ ಆರು ಜನ ಪ್ರವಾಸಿಗರನ್ನು ಹೊತ್ತು ಪಟ್ಟಣದ ದಡದುದ್ದಕ್ಕೂ ಹೋಗಿ, ಸೂರ್ಯ ಮುಳುಗುವುದನ್ನು ತೋರಿಸಿ ಬರುತ್ತಿತ್ತು. ಯಂತ್ರ ಕೂರಿಸಲು ಅನೀಸಿಯೊ ಒಪ್ಪಿರಲಿಲ್ಲ. ಅವನಿಗೆ ಎಪ್ಪತ್ತೆರಡು. ಕೆಲಸದಾಳು ಒಬ್ಬ ಹಗ್ಗದ ಗಂಟನ್ನು ಸಡಿಲ ಬಿಟ್ಟು ‘ಬಿಗಿದಿದ್ದೇನೆ’ ಎಂದದ್ದಕ್ಕೆ ಅವನನ್ನು ಅದೇ ಗಂಟೆಯಲ್ಲಿ ದಡಕ್ಕಿಳಿಸಿದ್ದ.

ಮರದ ದೋಣಿಗೆ ವರ್ಷಕ್ಕೊಮ್ಮೆ ಆರೈಕೆ ಬೇಕು. ದಡಕ್ಕೆಳೆದು, ತಾಳೆಗರಿಯ ಬೆಂಕಿಯಿಂದ ಹೊಟ್ಟೆ ಸುಟ್ಟು, ಕೊರೆಹುಳು ಸಾಯಿಸಿ, ಹಲಗೆಗಳ ಸಂದಿಗೆ ಹೊಸ ಹತ್ತಿ ತುರುಕಿ ಡಾಂಬರು ಬಳಿಯಬೇಕು. ಆ ಜನವರಿಯ ಬೇಸಿಗೆಯಲ್ಲಿ ದೋಣಿ ದಡದಲ್ಲಿದ್ದಾಗಲೇ ಅನೀಸಿಯೊಗೆ ಅಂಡವಾಯು ಕೆರಳಿ ಆಸ್ಪತ್ರೆ ಸೇರಬೇಕಾಯಿತು. ಮೂರು ವಾರ ದಿವೀನಾ ಬಿಸಿಲಲ್ಲಿ ಬಿದ್ದುಕೊಂಡಿತು. ಬಿಸಿಲಲ್ಲಿ ಬಿದ್ದ ಮರ ಕುಗ್ಗುತ್ತದೆ, ಸಂದುಗಳು ಬಾಯಿ ಬಿಡುತ್ತವೆ. ಅಂಥ ದೋಣಿಯನ್ನು ನೀರಿಗಿಳಿಸಿ ಒಂದು ವಾರವಾದರೂ ಲಂಗರು ಹಾಕಿ ಬಿಡಬೇಕು. ಒಳಗೆ ಬಂದ ನೀರನ್ನು ದಿನವೂ ಮೊಗೆದು ಚೆಲ್ಲುತ್ತಿರಬೇಕು. ಮರ ನೀರು ಕುಡಿದು ಉಬ್ಬಿದಾಗ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದರಲ್ಲಿ ಯಾರೂ ಹತ್ತುವಂತಿಲ್ಲ.

“ಶನಿವಾರ ಇಳಿಸಬೇಕು,” ಎಂದು ಅನೀಸಿಯೊ ಮಂಚದಿಂದ ಅಪ್ಪಣೆ ಮಾಡಿದ್ದ. ಶನಿವಾರ ಉಬ್ಬರದ ನೀರು ದೋಣಿಯ ಬುಡವನ್ನೂ ಮುಟ್ಟಲಿಲ್ಲ. ತಳ್ಳಬೇಕಾದವರು ಕಾಲ್ಚೆಂಡಿನ ಪಂದ್ಯ ನೋಡಲು ಹೋಗಿದ್ದರು. ಸಂಜೆ ಆಸ್ಪತ್ರೆಯಿಂದ ಫೋನು ಬಂತು.

“ದಿವೀನಾ ಕುಡೀತಿದಾಳಾ?”

“ಕುಡೀತಿದಾಳೆ ಭಾವ. ಉಪವಾಸ ಮುಗಿಸಿದ ಪಾದ್ರಿ ಹಾಗೆ ಕುಡೀತಿದಾಳೆ.”

“ಎಷ್ಟು ಬಕೆಟ್ ತೆಗೆದ್ರಿ?”

“ಎಂಬತ್ತು.”

ನಾಳೆ ಇಳಿಸಿದರಾಯಿತು ಎಂದುಕೊಂಡು ಹೇಳಿದ ಮಾತು ಅದು. ನಾಳೆಯೂ ಆಗಲಿಲ್ಲ. ಆದರೆ ಎಂಬತ್ತು ಎಂದ ಮೇಲೆ ಮರುದಿನಕ್ಕೆ ಅರವತ್ತು, ಆಮೇಲೆ ನಲವತ್ತು ಎನ್ನಲೇಬೇಕಲ್ಲ. ಮುದುಕ ಫೋನಿನಲ್ಲಿ ನೆಮ್ಮದಿಯಿಂದ ಉಸಿರು ಬಿಡುವುದು ಅವಳಿಗೆ ಕೇಳಿಸುತ್ತಿತ್ತು. ದೋಣಿ ನೀರಿಗಿಳಿದದ್ದು ಬುಧವಾರ ಮಧ್ಯಾಹ್ನ. ಅವನು ಬಿಡುಗಡೆಯಾಗಿ ಮನೆಯಲ್ಲಿ ಹತ್ತು ದಿನ ಮಲಗುತ್ತಾನೆ, ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂಬುದು ಅವಳ ಎಣಿಕೆ.

ಶುಕ್ರವಾರ ಅನೀಸಿಯೊ ಆಸ್ಪತ್ರೆಯಿಂದ ನೇರ ದೋಣಿ ನಿಲ್ಲುವ ಗಟ್ಟೆಗೇ ಬಂದ. ದೆಯೊಲಿಂದಾ ಆಗಷ್ಟೇ ದೋಣಿಯನ್ನು ಬರಿದು ಮಾಡಿಸಿದ್ದಳು. ಅವನು ತಳದ ಹಲಗೆ ಎತ್ತಿ ಕೈಯಾಡಿಸಿ, “ಒಣಗಿದೆ. ಆರು ದಿನದಲ್ಲಿ ಚೆನ್ನಾಗಿ ಮುಚ್ಕೊಂಡಿದಾಳೆ,” ಎಂದ. ಆ ಮನುಷ್ಯ ನಗುವುದನ್ನು ಅವಳು ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಕಂಡಿದ್ದಳು. ಇದು ಐದನೆಯದು. ಅವನು ಪ್ರವಾಸದ ಕಚೇರಿಗೆ ಫೋನು ಮಾಡಿ, ಸಂಜೆಗೆ ಜನ ಕಳಿಸಿ ಎಂದುಬಿಟ್ಟ. ಆಗ ಹೇಳಬಹುದಿತ್ತು. ಅವಳು ಮೀನು ಹುರಿಯಲು ಹೋದಳು.

ನಾಲ್ಕು ಗಂಟೆಗೆ ಆರು ಜನ ಹತ್ತಿದರು. ಗೊಯಾನಿಯಾದ ದಂತವೈದ್ಯ ಅದಲ್ಬೆರ್ತೊ ಮತ್ತು ಅವನ ಹೆಂಡತಿ, ಕುರಿಚಿಬಾದ ಅಕ್ಕತಂಗಿಯರಿಬ್ಬರು, ಮಾತಿಲ್ಲದ ಒಬ್ಬ ತರುಣ, ಮತ್ತು ಸಮುದ್ರವಿಲ್ಲದ ಮಿನಾಸ್ ನಾಡಿನಿಂದ ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರ ನೋಡಲು ಬಂದಿದ್ದ ನಿವೃತ್ತ ಅಂಚೆಯಮ್ಮ ದೊನಾ ಎರ್ಮೀನಿಯಾ. ಶುಕ್ರವಾರ ಬಿಳಿ ಉಡುವುದು ಆ ಊರಿನ ವ್ರತವಾದ್ದರಿಂದ ದೆಯೊಲಿಂದಾಳ ಮೈಮೇಲೆಲ್ಲ ಬಿಳಿ. ದೋಣಿಯ ಅಂಚಿನ ಕಟಕಟೆಗೆ ನೂರಾರು ಬಣ್ಣದ ರಿಬ್ಬನ್ನುಗಳಿದ್ದವು. ಊರು ಕಾಯುವ ಬೊನ್ಫಿಂ ಸ್ವಾಮಿಯ ಹೆಸರಿನಲ್ಲಿ ಮೂರು ಗಂಟು ಹಾಕಿ ಬೇಡಿಕೊಂಡರೆ, ರಿಬ್ಬನ್ ತಾನಾಗಿ ಹರಿದು ಬಿದ್ದ ದಿನ ಕೋರಿಕೆ ಕೈಗೂಡುತ್ತದೆ. ಕತ್ತರಿಸಿದರೆ ಕೆಟ್ಟಿತು.

“ದೋಣಿ ಮೇಲೆ ಕಟ್ಟಿದ್ದಕ್ಕೆ ಮೂರು ಪಟ್ಟು ಬೇಗ ಫಲ,” ಎಂದಳು ದೆಯೊಲಿಂದಾ.

“ಹಾಗಂತ ಯಾರು ಹೇಳಿದ್ದು?” ಎಂದ ದಂತವೈದ್ಯ.

“ಬಿಷಪ್ಪರೇ ಬರೆದುಕೊಟ್ಟಿದಾರೆ ಸ್ವಾಮಿ. ಕಾಗದ ಮನೇಲಿದೆ.”

ಚುಕ್ಕಾಣಿಯ ಬಳಿಯಿಂದ ಅನೀಸಿಯೊ ಉಗುಳಿದ. ದೊನಾ ಎರ್ಮೀನಿಯಾ ನೀಲಿ ರಿಬ್ಬನ್ನೊಂದನ್ನು ಶ್ರದ್ಧೆಯಿಂದ ಕಟ್ಟಿದಳು.

ದಡದಿಂದ ಬೀಸುವ ಮಧ್ಯಾಹ್ನದ ಗಾಳಿಯಲ್ಲಿ ದಿವೀನಾ ಬಂದರನ್ನು ದಾಟಿ ಉತ್ತರಕ್ಕೆ ಹೊರಟಿತು. ಮೋಂಚಿ ಸೆರಾಚಿನ ಬಿಳಿ ಕೋಟೆಯನ್ನು ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಗಾಳಿ ಸತ್ತಿತು. ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. ಸೂರ್ಯ ಕೊಲ್ಲಿಯ ಪಶ್ಚಿಮಕ್ಕಿದ್ದ ದ್ವೀಪದ ಮೇಲೆ ಎರಡಾಳೆತ್ತರದಲ್ಲಿದ್ದ. ಪ್ರವಾಸಿಗರು ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದಾಗ ದೆಯೊಲಿಂದಾ ತಟ್ಟೆ ತರಲು ಬಗ್ಗಿ ತಳದ ಹಲಗೆ ಎತ್ತಿದಳು. ಅಂಗೈಯುದ್ದ ಕೆಳಗೆ ನೀರು ಹೊಳೆಯುತ್ತಿತ್ತು.

ಆರು ಜನರ ಭಾರಕ್ಕೆ ದೋಣಿ ಕೆಳಗಿಳಿದಿತ್ತು. ಲಂಗರಿನಲ್ಲಿದ್ದಾಗ ನೀರು ಮುಟ್ಟದ ಹಲಗೆಗಳು ಈಗ ನೀರಿನೊಳಗಿದ್ದವು, ಕೆಳಗಿನವು ಇನ್ನೂ ಉಬ್ಬಿರಲಿಲ್ಲ. ಅವಳು ಪಾತ್ರೆ ತೊಳೆಯುವವಳಂತೆ ಕೂತು ದೊಡ್ಡ ಬೋಗುಣಿಯಿಂದ ಮೊಗೆದು ಮೊಗೆದು ಚೆಲ್ಲತೊಡಗಿದಳು.

“ಇಷ್ಟೊಂದು ಪಾತ್ರೆ ಇದೆಯೇನಮ್ಮ?” ಎಂದಳು ದೊನಾ ಎರ್ಮೀನಿಯಾ.

“ನಮ್ಮಲ್ಲಿ ಏಳು ನೀರಲ್ಲಿ ತೊಳೀತೀವಿ ತಾಯಿ.”

ಆದರೆ ಚುಕ್ಕಾಣಿ ಹಿಡಿದವನ ಕೈಗೆ ದೋಣಿಯ ಭಾರ ತಿಳಿಯುತ್ತದೆ. “ಇವಳೇನು ಗಬ್ಬದ ಹಸು ಥರ ನಿಂತಿದಾಳೆ?” ಎನ್ನುತ್ತ ಅನೀಸಿಯೊ ಬಂದು ಹಲಗೆ ಎತ್ತಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಶನಿವಾರ ಇಳಿಸಿದ್ದು ತಾನೆ?”

“ಹೌದು ಭಾವ.”

“ಹಾಗಾದ್ರೆ ಇದು ಸಂದಿನ ನೀರಲ್ಲ. ಹಲಗೆ ಒಡೆದಿದೆ. ತಳ್ಳುವಾಗ ಎಡಗಡೆ ಬಂಡೆಗೆ ತಾಗಿಸಿದಾರೆ ನನ್ಮಕ್ಕಳು. ಎಲ್ರೂ ತೇಲುಜಾಕೀಟು ಹಾಕ್ಕೊಂಡು ಬಲಗಡೆ ಬನ್ನಿ! ಎಡಪಕ್ಕ ಮೇಲೆದ್ರೆ ನೀರು ನಿಲ್ಲತ್ತೆ.”

ಅಕ್ಕತಂಗಿಯರಲ್ಲಿ ಒಬ್ಬಳು ಅಳತೊಡಗಿದಳು. ದಂತವೈದ್ಯ ಬಂದರಿನ ರಕ್ಷಣಾ ದೋಣಿಗೆ ಫೋನು ಮಾಡಿ, ಬರಲು ಒಂದು ಗಂಟೆಯಾಗುತ್ತದಂತೆ ಎಂದು ಕಿರುಚಿದ. ಜನ ಬಲಕ್ಕೆ ಸರಿದರು. ದೋಣಿ ಬಲಕ್ಕೆ ವಾಲಿತು. ವಾಲಿದ ಕಡೆಯ ಒಣ ಹಲಗೆಗಳೆಲ್ಲ ನೀರಿಗಿಳಿದು, ಜರಡಿಯಲ್ಲಿ ಹೊಯ್ದಂತೆ ನೀರು ಒಳಗೆ ಬಂತು. ಅನೀಸಿಯೊ ಇಲ್ಲದ ಬಿರುಕನ್ನು ಹುಡುಕುತ್ತ ಎಡಗಡೆ ಮೊಣಕಾಲೂರಿ ಹಲಗೆ ಹಲಗೆ ತಡವುತ್ತಿದ್ದ. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದ. ತಪ್ಪು ಕಡೆ ಹುಡುಕುತ್ತಿದ್ದಾನೆಂದು ಗೊತ್ತಿದ್ದವಳು ದೆಯೊಲಿಂದಾ ಒಬ್ಬಳೇ.

“ಭಾವ,” ಎಂದಳು. “ಶನಿವಾರ ಅಲ್ಲ. ಸೋಮವಾರ.”

ಅವನು ತಿರುಗಿ ನೋಡಿದ. ಬಯ್ಯಲಿಲ್ಲ. ಲೆಕ್ಕ ಹಾಕಿದ.

“ನಾಲ್ಕು ದಿನ. ಹಾಗಾದ್ರೆ ಕೆಳಗಿನ ಸಾಲು ಮುಚ್ಚಿರತ್ತೆ, ಮೇಲಿನದು ಒಣಗಿದೆ. ಎಲ್ರೂ ನಡುವಿಗೆ ಬನ್ನಿ. ದೋಣಿ ನೆಟ್ಟಗಿಟ್ಟು ಮೊಗೀತಾ ಇದ್ರೆ ಗಟ್ಟೆ ಮುಟ್ತೀವಿ.” ದಂತವೈದ್ಯನಿಗೂ ತರುಣನಿಗೂ ಉದ್ದನೆಯ ಹುಟ್ಟುಗಳನ್ನು ಕೊಟ್ಟು ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿದ. ದೋಣಿ ನೆಟ್ಟಗಾಯಿತು. ಕೋಟೆಯ ಮೂಲೆಯನ್ನು ಮತ್ತೆ ದಾಟಿತು. ಜನ ಉಸಿರು ಬಿಟ್ಟರು. ದೊನಾ ಎರ್ಮೀನಿಯಾ ದೆಯೊಲಿಂದಾಳ ಕೈ ಹಿಡಿದುಕೊಂಡಳು.

“ನೀನು ಹೇಳಿದ್ದು ಒಳ್ಳೇದಾಯ್ತು ನೋಡಮ್ಮ. ತಪ್ಪು ಒಪ್ಕೊಳ್ಳೋದು ಸುಲಭ ಅಲ್ಲ.”

ಗಟ್ಟೆಗೆ ಇನ್ನೂ ಒಂದೂವರೆ ಗಂಟೆಯ ದಾರಿ. ಎಡಕ್ಕೆ, ಕೋಟೆಯ ಕೆಳಗೆ, ಬೋವಾ ವಿಯಾಜೆಂ ಚರ್ಚಿನ ಮುಂದಿನ ಮರಳದಂಡೆ ಕಾಣುತ್ತಿತ್ತು. ಮಕ್ಕಳು ಚೆಂಡಾಡುವುದೂ ಕಾಣುತ್ತಿತ್ತು. ಈ ದಾರಿಯಲ್ಲಿ ದೋಣಿಯನ್ನು ಒತ್ತಿ ನಿಲ್ಲಿಸಬಹುದಾದ ಮರಳು ಅದೊಂದೇ. ಮುಂದೆಲ್ಲ ಕಲ್ಲು, ಬಂದರಿನ ಗೋಡೆ. ಅದು ಮೆಲ್ಲಗೆ ಪಕ್ಕಕ್ಕೆ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಹಿಂದಾಗುತ್ತಿತ್ತು. ದೆಯೊಲಿಂದಾ ಮೊಗೆಯುತ್ತಿದ್ದಳು. ನೀರು ಹಿಮ್ಮಡಿಯಿಂದ ಕಣಕಾಲಿಗೆ ಏರಿತು. ಮೊದಲ ಸುಳ್ಳನ್ನು ಬಿಡುವುದು ಕಷ್ಟವಾಗಿತ್ತು. ಈಗ ಬಿಡಬೇಕಾಗಿದ್ದದ್ದು ಜನ ಕೈ ಹಿಡಿದು ಮೆಚ್ಚಿದ ನಿಜವನ್ನು, ಅದು ಇನ್ನೂ ಕಷ್ಟ. ರಕ್ಷಣಾ ದೋಣಿ ಬಂದುಬಿಡಬಹುದು, ಗಾಳಿ ಏಳಬಹುದು ಎಂದು ತನಗೆ ತಾನೇ ಎರಡು ಬಾರಿ ಹೇಳಿಕೊಂಡಳು. ತನಗೆ ಹೇಳಿಕೊಂಡ ಸುಳ್ಳನ್ನು ಮಾತ್ರ ಅವಳಿಗೆ ಎಂದೂ ನಂಬಲಾಗಿರಲಿಲ್ಲ.

“ಬುಧವಾರ, ಭಾವ.”

“ಏನು ಬುಧವಾರ?”

“ಇಳಿಸಿದ್ದು. ಸೋಮವಾರನೂ ಸುಳ್ಳು.”

“ಬಕೆಟ್ ಲೆಕ್ಕ?”

“ಅದೂ ಸುಳ್ಳು.”

ದೊನಾ ಎರ್ಮೀನಿಯಾ ಕೈ ಬಿಟ್ಟಳು.

“ಗುರುವಾರ ಒಂದು ಉಳಿದಿದೆಯಲ್ಲ,” ಎಂದ ಅನೀಸಿಯೊ. “ಅದನ್ನೂ ಈಗಲೇ ಹೇಳ್ಬಿಡು. ಸತ್ತ ಮೇಲೆ ಹೇಳೋಕೆ ಆಗಲ್ಲ.”

“ಇಲ್ಲ ಭಾವ. ಬುಧವಾರ. ಮಧ್ಯಾಹ್ನ. ನನ್ನ ತಾಯಾಣೆ.”

“ನಿನ್ನ ತಾಯಿ ಹೆಸರು ನನ್ನ ದೋಣಿಯಲ್ಲಿ ತರಬೇಡ, ಅವಳು ಮರ್ಯಾದಸ್ಥೆ.” ಅಷ್ಟು ಹೇಳುವಷ್ಟರಲ್ಲಿ ಅವನು ಚುಕ್ಕಾಣಿಯನ್ನು ಪೂರ್ತಿ ಒತ್ತಿ ಮೂತಿಯನ್ನು ಮರಳಿನ ಕಡೆಗೆ ತಿರುಗಿಸಿದ್ದ. “ಎರಡು ದಿನ ಅಂದ್ರೆ ಬುಡದಿಂದ ತುದಿವರೆಗೂ ಬಾಯಿ ತೆರೆದಿದೆ. ಗಟ್ಟೆ ಮರೆತುಬಿಡಿ. ಏಯ್ ಡಾಕ್ಟ್ರೇ, ಹಲ್ಲು ಕೀಳೋ ಹಾಗೆ ಎಳೀರಿ! ದೆಯೊಲಿಂದಾ, ಹಿಟ್ಟು ಎಷ್ಟಿದೆ?”

ಮೀನಿನ ಜೊತೆ ಬಡಿಸಲು ತಂದ ಮರಗೆಣಸಿನ ಹಿಟ್ಟು ಒಂದು ಚೀಲವಿತ್ತು. ಸಂದು ತುಂಬುವವರು ಮರದ ಪುಡಿಯಿಂದ ಮಾಡುವ ಉಪಾಯವೊಂದಿದೆ: ಹೊರಗಿನಿಂದ, ನೀರಿನೊಳಗೆ, ಸಂದಿನ ಬಾಯಿಗೆ ಪುಡಿ ಹಿಡಿದರೆ ಒಳನುಗ್ಗುವ ನೀರೇ ಅದನ್ನು ಎಳೆದುಕೊಂಡು ಹೋಗಿ ಸಿಕ್ಕಿಸುತ್ತದೆ, ಅದು ಅಲ್ಲೇ ಉಬ್ಬುತ್ತದೆ. ದೆಯೊಲಿಂದಾ ದೋಣಿಯ ಅಂಚಿಗೆ ಹೊಟ್ಟೆ ಹಾಕಿ ಮಲಗಿ, ಭುಜದವರೆಗೆ ನೀರಲ್ಲಿ ಕೈಯಿಳಿಸಿ, ಹಿಡಿಹಿಡಿ ಹಿಟ್ಟನ್ನು ಸಂದಿನುದ್ದಕ್ಕೂ ಬಿಡುತ್ತ ಹೋದಳು. ದಂತವೈದ್ಯನ ಹೆಂಡತಿ ಅವಳ ಕಾಲು ಹಿಡಿದಿದ್ದಳು. ಅಗಲವಾದ ಸಂದುಗಳಿಗೆ ಹಿಟ್ಟು ಸಾಲಲಿಲ್ಲ.

“ಬಟ್ಟೆ ಬೇಕು,” ಎಂದ ಅನೀಸಿಯೊ. ಅವನ ಕಣ್ಣು ಕಟಕಟೆಯ ಮೇಲೆ ನಿಂತಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಯಾರೂ ಕೈ ಮುಂದೆ ಮಾಡಲಿಲ್ಲ. ಮೀನಿನ ಚಾಕು ಎತ್ತಿಕೊಂಡ ದೆಯೊಲಿಂದಾಳೂ ಕಂಡವರ ಕೋರಿಕೆಗಳ ಮುಂದೆ ನಿಂತುಬಿಟ್ಟಳು.

“ನೀಲಿದು ನನ್ನದು,” ಎಂದಳು ದೊನಾ ಎರ್ಮೀನಿಯಾ. “ಮೊದಲು ಅದನ್ನೇ ಕೊಯ್ಯಿ. ಮತ್ತೆ ಸಮುದ್ರಕ್ಕೆ ಬರಬೇಕು ಅಂತ ಕೇಳ್ಕೊಂಡಿದ್ದೆ. ಬೇಡ.”

ಯಾರೋ ನಕ್ಕರು, ಅಥವಾ ಅತ್ತರು. ಮೀನಿನ ಚಾಕುವಿನಿಂದ ದೆಯೊಲಿಂದಾ ರಿಬ್ಬನ್ನುಗಳನ್ನು ಹೊರೆಹೊರೆಯಾಗಿ ಕೊಯ್ದಳು. ಅಕ್ಕತಂಗಿಯರು ಅವನ್ನು ಹೊಸೆದು ಚಮಚದ ಹಿಡಿಯಿಂದ ಸಂದುಗಳಿಗೆ ತುರುಕಿದರು. ಬಿಸಿಲಿಗೆ ಬೆಳ್ಳಗಾದ ಮದುವೆಗಳು, ಕೆಲಸಗಳು, ಕಾಯಿಲೆ ವಾಸಿಯಾಗುವುದು, ಎಲ್ಲವೂ ಹಿಟ್ಟಿನ ಅಂಟಿನೊಡನೆ ಒಳಗೆ ಹೋದವು. “ನೈಲಾನು,” ಎಂದು ಅನೀಸಿಯೊ ಹಲ್ಲು ಕಡಿದ. “ನೀರು ಕುಡಿಯಲ್ಲ ದರಿದ್ರದ್ದು. ಇರಲಿ, ತುರುಕಿ.”

ನೀರು ಮೊಣಕಾಲಿಗೆ ಬಂತು. ಸಮುದ್ರದ ಇಳಿತ ಅವರನ್ನು ಹೊರಕ್ಕೆ ಎಳೆಯುತ್ತಿತ್ತು. ಹತ್ತು ಮಾರು ಮುಂದೆ ಹೋದರೆ ಆರು ಮಾರು ಹಿಂದಕ್ಕೆ. ದಂತವೈದ್ಯನ ಅಂಗೈ ಕಿತ್ತು ಹುಟ್ಟಿನ ಮೇಲೆ ರಕ್ತ ಇಳಿಯಿತು. ಸೂರ್ಯ ಮುಳುಗಿದ್ದನ್ನು ಯಾರೂ ನೋಡಲಿಲ್ಲ. ದೊನಾ ಎರ್ಮೀನಿಯಾ ಬೋಗುಣಿ ಹಿಡಿದು, ಅಂಚೆ ಮುದ್ರೆ ಒತ್ತುವವಳ ಒಂದೇ ಸಮನಾದ ಲಯದಲ್ಲಿ ನೀರು ಚೆಲ್ಲುತ್ತಿದ್ದಳು.

“ಮುಳುಗ್ತೀವಾ?” ಎಂದು ದೆಯೊಲಿಂದಾಳನ್ನು ಕೇಳಿದಳು. “ನಿಜ ಹೇಳು.”

ಹೇಳಲು ಎಷ್ಟೊಂದು ಒಳ್ಳೆಯ ಉತ್ತರಗಳಿದ್ದವು. “ಗೊತ್ತಿಲ್ಲ ತಾಯಿ,” ಎಂದಳು ದೆಯೊಲಿಂದಾ.

ತೊಡೆಯವರೆಗೆ ನೀರಿದ್ದಾಗ ದಿವೀನಾಳ ಬುಡ ಮರಳನ್ನು ಉಜ್ಜಿತು. ಮೊದಲ ಸಲ ಅಲೆ ಅದನ್ನು ಎತ್ತಿಬಿಟ್ಟಿತು. ಎರಡನೆಯ ಸಲ ದೋಣಿ ಕೂತಿತು. ಚೆಂಡಾಡುತ್ತಿದ್ದವರು ಓಡಿಬಂದು ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿದರು. ದೊನಾ ಎರ್ಮೀನಿಯಾ ಮರಳಿನ ಮೇಲೆ ಕೂತು, ಸಮುದ್ರಕ್ಕೆ ಬೆನ್ನು ಹಾಕಿದಳು.

ಸಂಜೆಗೆಂಪು ಇನ್ನೂ ಆರಿರಲಿಲ್ಲ, ರಕ್ಷಣಾ ದೋಣಿ ಬಂತು. ಅದರಿಂದ ಬಂದರಿನ ಅಧಿಕಾರಿಯೊಬ್ಬ ಷೂ ಕೈಯಲ್ಲಿ ಹಿಡಿದು ಇಳಿದ. ನಡುವಯಸ್ಸು, ದಣಿದ ಮುಖ. ಎಲ್ಲರೂ ಬದುಕಿರುವುದನ್ನು ಎಣಿಸಿ ಖಾತ್ರಿ ಮಾಡಿಕೊಂಡು, ತೊಡೆಯ ಮೇಲೆ ನಮೂನೆಯ ಹಾಳೆ ಇಟ್ಟುಕೊಂಡು ಬರೆಯಲು ಕೂತ.

“ಕೊಳೆತ ದೋಣಿ!” ಎಂದ ದಂತವೈದ್ಯ, ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ. “ಕೊಳೆತ ಮರದ ಮೇಲೆ ಜನರನ್ನ ಹತ್ತಿಸ್ತಾರೆ. ಬರೀರಿ.”

“ಮೇಸ್ತ್ರಿ, ನೀರಿಗಿಳಿಸಿ ಎಷ್ಟು ದಿನ ಆಗಿತ್ತು?”

ಅನೀಸಿಯೊ ಮರಳಿನ ಮೇಲೆ ಮಲಗಿದ್ದ, ಎರಡೂ ಕೈ ಹೊಟ್ಟೆಯ ಮೇಲೆ. ತನ್ನ ದೋಣಿಯಲ್ಲಿ ಕೆಲಸ ಮಾಡುವವರ ತಪ್ಪನ್ನು ಮೇಸ್ತ್ರಿಯಾದವನು ದೋಣಿಯೊಳಗೇ ತೀರಿಸಿಕೊಳ್ಳುತ್ತಾನೆ. ನೆಲದವರ ಮುಂದೆ ಇಡುವುದಿಲ್ಲ. ಸುಳ್ಳು ಹೇಳುವುದೂ ಅವನಿಗೆ ಬಾರದು. ಅವನು ಪಟಗಂಬದ ತುದಿಯನ್ನು ನೋಡತೊಡಗಿದ.

“ಸುಮಾರು ಒಂದು ವಾರ ಅಂತ ಬರೀತೀನಿ,” ಎಂದ ಅಧಿಕಾರಿ, ದಯೆಯಿಂದಲೇ. “ಹಳೇ ಮರ, ಆಯಸ್ಸು ಮುಗಿದಿದೆ. ದೋಣಿ ಕೆಲಸಕ್ಕೆ ಬಾರದು ಅಂತ ಒಂದು ಸಾಲು. ಯಾರ ಮೇಲೂ ತಪ್ಪಿಲ್ಲ. ಮನೆಗೆ ಹೋಗಿ ಎಲ್ರೂ, ಹೊಟ್ಟೆಗೆ ಬಿಸಿ ಏನಾದ್ರೂ ಹಾಕ್ಕೊಳ್ಳಿ.”

ವಾರವೆಲ್ಲ ನೀರಲ್ಲಿದ್ದೂ ಸೋರಿದ ದೋಣಿ ಕೊಳೆತ ದೋಣಿ. ಅದನ್ನು ಒಡೆದು ಸೌದೆ ಮಾಡುತ್ತಾರೆ. ಪ್ರಶ್ನೆಯನ್ನು ಇಷ್ಟು ಚೆನ್ನಾಗಿ ಮುಗಿಸುವ ಉತ್ತರವನ್ನು ದೆಯೊಲಿಂದಾ ತಾನೂ ಕಟ್ಟಿರಲಾರಳು.

“ಒಂದು ವಾರ ಅಲ್ಲ,” ಎಂದಳು. “ಎರಡು ದಿನ. ಬುಧವಾರ ಮಧ್ಯಾಹ್ನ ಇಳಿಸಿದ್ದು. ನಾನು ಮೇಸ್ತ್ರಿಗೆ ಶನಿವಾರ ಅಂತ ಸುಳ್ಳು ಹೇಳಿದೆ. ಮರ ಗಟ್ಟಿಯಾಗಿದೆ. ಬಾಯಾರಿತ್ತು, ಅಷ್ಟೇ.”

ಅಧಿಕಾರಿ ತಲೆಯೆತ್ತಿದ. “ಇದನ್ನ ಬರೆದ್ರೆ ಜನ ಹತ್ತೋ ಯಾವ ದೋಣಿಯಲ್ಲೂ ನಿನಗೆ ಇನ್ಮೇಲೆ ಕೆಲಸ ಇಲ್ಲ. ಗೊತ್ತಾ?”

“ಗೊತ್ತು.”

“ಆಯ್ತು, ಬರೀತೀನಿ. ಹೋಗು.” ಅವನು ಪೆನ್ನನ್ನು ಹಾಳೆಯ ಮೇಲೆ ಆಡಿಸಿ, ಮಡಚಲು ಹೊರಟ.

ದೆಯೊಲಿಂದಾ ಹೋಗಲಿಲ್ಲ. ಒದ್ದೆ ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವನ ಹೆಗಲ ಮೇಲಿಂದ ಬಗ್ಗಿದಳು. ಕತ್ತಲಾಗುತ್ತಿತ್ತು, ಅಕ್ಷರ ಅಕ್ಷರ ಕೂಡಿಸಿ ಓದುವವಳು ಅವಳು, ಹೊತ್ತು ಹಿಡಿಯಿತು. ಆಮೇಲೆ ಹಿಟ್ಟು ಮೆತ್ತಿದ ಬೆರಳನ್ನು ಹಾಳೆಯ ಮೇಲೆ ಇಟ್ಟಳು.

“ಇಲ್ಲಿ ಇನ್ನೂ ‘ಸುಮಾರು ಒಂದು ವಾರ’ ಅಂತಲೇ ಇದೆ,” ಎಂದಳು. “ಹೊಡೆದು ಹಾಕಿ.”

ಅವನು ಹೊಡೆದು ಹಾಕುವವರೆಗೂ ಅವಳು ಬೆರಳು ತೆಗೆಯಲಿಲ್ಲ.